ಮೊದಲ ಪೈಪ್‌ಗೆ ಜೋಳದ ದಿಂಡೇ ಸಾಕು

ನಾನು ಹೊಗೆಸೊಪ್ಪು ಸೇದುವ ಪೈಪ್ ಹಿಡಿದದ್ದು ಕೆಲಸಕ್ಕೆಂದು ಅಮೆರಿಕದ ಸೇಂಟ್ ಲೂಯಿಸ್‌ಗೆ ಬಂದ ಮೇಲೆ. ಊರು ಪಿರಿಯಾಪಟ್ಟಣದ ಕಡೆ, ಮನೆಯಲ್ಲಿ ಹೊಗೆಸೊಪ್ಪಿನ ಬೇಸಾಯ. ಆದರೂ ಅಲ್ಲಿ ಪೈಪ್ ಸೇದುವವರನ್ನು ಕಂಡವನಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಗೆ ಒಳಗೆ ಎಳೆದುಕೊಳ್ಳಲ್ಲ, ಹಾಗಾಗಿ ಪೈಪ್‌ನಿಂದ ಏನೂ ಆಗಲ್ಲ ಅನ್ನುವವರಿದ್ದಾರೆ. ಅದು ಸುಳ್ಳು. ಬಾಯಿ, ತುಟಿ, ಗಂಟಲ ಕ್ಯಾನ್ಸರ್ ಇದರಿಂದಲೂ ಬರುತ್ತದೆ, ನಿಕೋಟಿನ್ ಚಟವೂ ಹತ್ತುತ್ತದೆ. ಸೇದದವರು ಇದನ್ನು ಓದಿ ಶುರು ಮಾಡಬೇಡಿ. ಹೇಗೂ ಪೈಪ್ ಕೊಳ್ಳುತ್ತೇನೆ ಅಂತ ಕೂತವರಿಗೆ ಮಾತ್ರ ನನ್ನ ಅನುಭವ.

ಅಂಗಡಿಯಲ್ಲಿ ಕಣ್ಣು ಮೊದಲು ಹೋಗುವುದು ಬ್ರೈಯರ್ ಪೈಪ್‌ಗಳ ಕಡೆ. ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಒಂದು ಕುರುಚಲು ಗಿಡದ ಬೇರಿನ ಗಂಟು ಅದು. ಸುಲಭಕ್ಕೆ ಸುಡುವುದಿಲ್ಲ. ಫ್ರಾನ್ಸಿನ ಸ್ಯಾಂ-ಕ್ಲೋದ್ ಊರಿನವರು 19ನೇ ಶತಮಾನದ ನಡುವಿನಿಂದ ಇದರಲ್ಲಿ ಪೈಪ್ ಮಾಡುತ್ತಾ ಬಂದಿದ್ದಾರೆ. ಚೆನ್ನಾಗಿರುತ್ತದೆ, ನಿಜ. ಆದರೆ ಹೊಸ ಬ್ರೈಯರ್‌ನ ಒಳಗೆ ತೆಳುವಾಗಿ ಮಸಿ ಕಟ್ಟುವವರೆಗೆ ರುಚಿ ಹದಕ್ಕೆ ಬರುವುದಿಲ್ಲ. ಸೇದುವವನೂ ಹೊಸಬ, ಪೈಪೂ ಹೊಸದು. ರುಚಿ ಕೆಟ್ಟರೆ ತಪ್ಪು ಯಾರದ್ದು ಅಂತ ಗೊತ್ತಾಗುವುದು ಹೇಗೆ?

ಅದಕ್ಕೇ ನಾನು ಮುಸುಕಿನ ಜೋಳದ ದಿಂಡಿನ ಪೈಪ್ ಕೊಂಡೆ. ಊರಲ್ಲಿ ಒಲೆಗೆ ಹಾಕುತ್ತಿದ್ದೆವಲ್ಲ, ಅದೇ ದಿಂಡು! ಇಲ್ಲಿಂದ ಪಶ್ಚಿಮಕ್ಕೆ ಸುಮಾರು 80 ಕಿ.ಮೀ. ಹೋದರೆ ಮಿಸೌರಿ ನದಿಯ ದಂಡೆಯಲ್ಲಿ ವಾಷಿಂಗ್ಟನ್ ಅಂತ ಸಣ್ಣ ಊರು. ಅಲ್ಲಿ ಮಿಸೌರಿ ಮೀರ್‌ಶಾಮ್ ಕಂಪನಿ 1869ರಿಂದ ಇವನ್ನು ಮಾಡುತ್ತಿದೆ. ಎರಡನೇ ಮಹಾಯುದ್ಧದ ಅಮೆರಿಕನ್ ಸೇನಾಪತಿ ಜನರಲ್ ಮ್ಯಾಕಾರ್ಥರ್ ಬಾಯಲ್ಲಿರುತ್ತಿದ್ದ ಪೈಪೂ ಅಲ್ಲಿಯದೇ. ದಪ್ಪ ದಿಂಡು ಬರಲೆಂದೇ ಬೇರೆ ತಳಿಯ ಜೋಳ ಬೆಳೆದು, ಕಾಳು ಬಿಡಿಸಿ, ದಿಂಡನ್ನು ದೀರ್ಘಕಾಲ ಒಣಗಿಸುತ್ತಾರೆ. ಹೊರಮೈಯ ತಗ್ಗುಗಳಿಗೆ ಪ್ಲಾಸ್ಟರ್ ಮೆತ್ತಿ ನುಣುಪು ಮಾಡುತ್ತಾರೆ. ದಿಂಡು ತೇವ ಹೀರಿಕೊಳ್ಳುವುದರಿಂದ ಮೊದಲ ದಿನವೇ ಒಳ್ಳೆಯ ಹೊಗೆ ಬಂತು. ಸಾದಾ ಪೈಪ್, ಹದಿನೈದು ಡಾಲರ್ ಕೂಡ ಆಗಲಿಲ್ಲ.

ಆಕಾರದಲ್ಲಿ ನೆಟ್ಟಗಿರುವುದನ್ನೇ ಆರಿಸಿದೆ. ಬಾಗಿದ ಪೈಪ್ ನೋಡಲು ಚೆಂದ, ಆದರೆ ಬಾಗಿದ ಕಡೆ ನೀರು ನಿಂತು ಗುಳುಗುಳು ಅನ್ನುತ್ತದೆ. ಬೌಲ್, ಅಂದರೆ ಸೊಪ್ಪು ತುಂಬುವ ಬಟ್ಟಲು, ಒಳಗೆ 19-20 ಮಿ.ಮೀ. ಅಗಲವಿದ್ದರೆ ಸಾಕು.

ಪೈಪ್‌ಗಿಂತ ಜಾಸ್ತಿ ಯೋಚಿಸಬೇಕಾದದ್ದು ಸೊಪ್ಪಿನ ಬಗ್ಗೆ. ನಮ್ಮೂರಿನಲ್ಲಿ ಬೆಳೆಯುವ ವರ್ಜೀನಿಯಾ ಜಾತಿಯನ್ನೇ ತುಂಬೋಣ ಅಂತ ನನಗೂ ಆಸೆ ಇತ್ತು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಹದ ಮಾಡುವ ಮನೆಯಲ್ಲಿ, ಎಲೆ ಹಳದಿಗೆ ತಿರುಗುವಾಗ ಅದರ ಪಿಷ್ಟ ಸಕ್ಕರೆಯಾಗುತ್ತದೆ. ಆಮೇಲೆ ಶಾಖ ಏರಿಸಿ ಒಣಗಿಸುವುದರಿಂದ ಆ ಸಕ್ಕರೆ ಎಲೆಯಲ್ಲೇ ಉಳಿಯುತ್ತದೆ. ರಾತ್ರಿಯೆಲ್ಲ ಸೌದೆ ಒಟ್ಟಿ ಉರಿ ಕಾಯುತ್ತಿದ್ದದ್ದು ಯಾಕೆ ಅಂತ ನನಗೆ ಸರಿಯಾಗಿ ಅರ್ಥವಾದದ್ದು ಇಲ್ಲಿಗೆ ಬಂದ ಮೇಲೆ! ಸಿಹಿ ಸೊಪ್ಪು ಬಿಸಿಯಾಗಿ ಉರಿಯುತ್ತದೆ, ಅವಸರದಲ್ಲಿ ಎಳೆದರೆ ನಾಲಿಗೆ ಸುಟ್ಟ ಹಾಗಾಗುತ್ತದೆ. ಬರ್ಲಿ ಅನ್ನುವ ಇನ್ನೊಂದು ಜಾತಿಯ ಸೊಪ್ಪು ಬರೀ ಗಾಳಿಗೆ ಒಣಗಿದ್ದು, ಸಕ್ಕರೆ ತೀರಾ ಕಡಿಮೆ. ಕಲಿಯಲು ಅದೇ ಸರಿ. ಆದರೆ ನಿಕೋಟಿನ್ ಜೋರಾಗಿರುತ್ತದೆ, ಖಾಲಿ ಹೊಟ್ಟೆಯಲ್ಲಿ ಬೇಡ. ವೆನಿಲಾ, ಚೆರ್ರಿ ಪರಿಮಳದವು ಪಕ್ಕದಲ್ಲಿ ಕೂತವರಿಗೆ ಚೆಂದ, ಸೇದುವವನಿಗೆ ಸಿಗುವುದು ಬಿಸಿ ಆವಿ.

ತುಂಬುವಾಗ ಕೆಳಗೆ ಸಡಿಲ, ಮೇಲೆ ಮೇಲೆ ಸ್ವಲ್ಪ ಬಿಗಿ. ಹಚ್ಚುವ ಮೊದಲೇ ಒಮ್ಮೆ ಎಳೆದು ನೋಡುತ್ತೇನೆ. ಗಾಳಿ ಸರಾಗವಾಗಿ ಬರದಿದ್ದರೆ ಸುರಿದು ಮತ್ತೆ ತುಂಬುವುದೇ ವಾಸಿ. ಮೊದಲ ಕಡ್ಡಿಗೆ ಸೊಪ್ಪು ಉಬ್ಬುತ್ತದೆ. ಅದನ್ನು ಮೆಲ್ಲಗೆ ಅದುಮಿ ಮತ್ತೆ ಹಚ್ಚಬೇಕು. ಬೌಲ್ ಕೆನ್ನೆಗೆ ಇಟ್ಟುಕೊಳ್ಳಲಾಗದಷ್ಟು ಬಿಸಿಯಾದರೆ ಕೆಳಗಿಡಿ, ಆರಿಹೋದರೆ ಹೋಗಲಿ. ಪೈಪ್ ತಣ್ಣಗಾಗುವವರೆಗೆ ಬಾಯಿಗಿಡುವ ಕೊಳವೆ (ಸ್ಟೆಮ್) ಮಾತ್ರ ಕೀಳಬೇಡಿ, ಸಂದು ಬಿರುಕು ಬಿಡುತ್ತದೆ.

ಕೈ ಕುದುರಿದ ಮೇಲೆ ಬ್ರೈಯರನ್ನೂ ಕೊಂಡೆ. ಆವತ್ತು ಅಂಗಡಿಗೆ ಒಂದು ಪೈಪ್ ಕ್ಲೀನರ್ (ಕೊಳವೆ ಶುಚಿ ಮಾಡುವ, ನಾರು ಸುತ್ತಿದ ತಂತಿ) ಜೇಬಲ್ಲಿಟ್ಟುಕೊಂಡೇ ಹೋಗಿದ್ದೆ. ಬಾಯಿಯ ಕಡೆಯಿಂದ ತೂರಿಸಿದರೆ ಅದು ಎಲ್ಲೂ ತಡೆಯದೆ ಬೌಲ್‌ನ ತಳದಲ್ಲೇ ಇಣುಕಬೇಕು. ತೂತು ಮೇಲಿದ್ದರೆ ಕೆಳಗಿನ ಸೊಪ್ಪು ಉರಿಯದೆ ಒದ್ದೆಯಾಗಿ ಉಳಿಯುತ್ತದೆ. ಎಷ್ಟೇ ಚೆಂದವಿದ್ದರೂ ಅಂಥದ್ದನ್ನು ಅಲ್ಲೇ ಬಿಟ್ಟು ಬನ್ನಿ.