ಜರ್ಮನಿಯಲ್ಲಿ ಮೊಬೈಲ್ ಕರಾರಿಗೆ ಸಹಿ ಹಾಕುವ ಮೊದಲು

ಹೋದ ವಾರ ಕಾಕಾನ ಮಗ ಫೋನ್ ಮಾಡಿದ್ದ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ಮಾಸ್ಟರ್ಸ್ ಓದಲು ಜರ್ಮನಿಗೆ ಬಂದು ಹತ್ತು ದಿನವೂ ಆಗಿರಲಿಲ್ಲ. "ಅಣ್ಣಾ, ಇಲ್ಲೆ ಮಾಲ್‌ನ್ಯಾಗ ಒಂದು ಯೂರೋಕ್ಕ ಫೋನ್ ಕೊಡಾಕತ್ತಾರ. ತಿಂಗಳಾ ಸ್ವಲ್ಪ ಸ್ವಲ್ಪ ಕಟ್ಟಿದ್ರ ಸಾಕಂತ. ತಗೊಳ್ಳೇನು?" ಕೌಂಟರಿನ ಮುಂದೆ ನಿಂತೇ ಕೇಳುತ್ತಿದ್ದ. "ಸಹಿ ಮಾಡಬ್ಯಾಡ. ಮೊದಲ ರೂಮಿಗೆ ಹೋಗು, ಆಮ್ಯಾಲೆ ಮಾತಾಡೋಣು" ಅಂದೆ. ಆ ರಾತ್ರಿ ಒಂದೂವರೆ ತಾಸು ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮಕ್ಕಳು ಸೆಮಿಸ್ಟರ್ ಸೆಮಿಸ್ಟರ್‌ಗೂ ಬರುತ್ತಿದ್ದಾರೆ. ಒಬ್ಬೊಬ್ಬರಿಗೂ ಫೋನಿನಲ್ಲಿ ಹೇಳಲು ಆಗುವುದಿಲ್ಲ.

ನಾನು 2017ರ ಅಕ್ಟೋಬರ್‌ನಲ್ಲಿ ಬಂದಾಗ ಹೀಗೆ ಹೇಳುವವರು ಯಾರೂ ಇರಲಿಲ್ಲ. ಬ್ಯಾಂಕ್ ಖಾತೆ ತೆರೆದ ಮರುವಾರವೇ ಒಂದು ಅಂಗಡಿಗೆ ಹೋಗಿ ಫೋನ್ ತೆಗೆದುಕೊಂಡೆ. "ಇದರ ಜೊತೆ ಟ್ಯಾಬ್ಲೆಟ್ ಒಂದೇ ಯೂರೋ" ಅಂದರು. ಬಾಗಲಕೋಟೆಯಲ್ಲಿರುವ ಅವ್ವನಿಗೆ ವೀಡಿಯೋ ಕಾಲ್‌ಗೆ ಆಗುತ್ತದೆ ಎಂದು ಖುಷಿಯಿಂದ ಹೂಂ ಅಂದೆ. ಕೈಯಗಲದ ಎಲೆಕ್ಟ್ರಾನಿಕ್ ಪ್ಯಾಡಿನ ಮೇಲೆ ಎರಡು ಸಲ ಸಹಿ ಮಾಡಿಸಿಕೊಂಡರು. ಎರಡನೆಯದು ಬೇರೆಯೇ ಕರಾರು, ಅದಕ್ಕೆ ಬೇರೆಯೇ ಸಿಮ್, ತಿಂಗಳಿಗೆ 15 ಯೂರೋ ಎಂದು ನನಗೆ ಗೊತ್ತಾಗಲಿಲ್ಲ. ಎರಡು ವರ್ಷ ಮುಗಿಯುವ ಮೊದಲು ಫೋನಿನ ಕರಾರನ್ನು ಸರಿಯಾಗಿಯೇ ರದ್ದು ಮಾಡಿದೆ, ಟ್ಯಾಬ್ಲೆಟ್ಟಿನದು ಉಳಿದುಕೊಂಡಿತು. ಆಗಿನ ನಿಯಮದ ಪ್ರಕಾರ ಮೂರು ತಿಂಗಳು ಮೊದಲೇ ತಿಳಿಸದಿದ್ದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯುತ್ತಿತ್ತು. ಮೂರು ವರ್ಷ, 36 ಕಂತು, 540 ಯೂರೋ. ಒಂದು ಯೂರೋದ ಟ್ಯಾಬ್ಲೆಟ್ಟಿನ ನಿಜವಾದ ಬೆಲೆ ಅದು.

ನಮ್ಮೂರಿಗೂ ಇಲ್ಲಿಗೂ ಇರುವ ಮೂಲ ವ್ಯತ್ಯಾಸ ಇದೇ. ನಮ್ಮಲ್ಲಿ ರೀಚಾರ್ಜ್ ಮುಗಿದರೆ ಅದು ತಾನೇ ನಿಲ್ಲುತ್ತದೆ, ಮತ್ತೆ ದುಡ್ಡು ಹಾಕಿದರೆ ಮಾತ್ರ ನಡೆಯುತ್ತದೆ. ಇಲ್ಲಿಯ ಕರಾರು ನೀವು ಬರೆದು ನಿಲ್ಲಿಸುವವರೆಗೂ ನಡೆಯುತ್ತದೆ, ದುಡ್ಡು ನಿಮ್ಮ ಖಾತೆಯಿಂದ ತಾನಾಗಿ ಹೋಗುತ್ತದೆ. ಫೋನನ್ನೇ ಬಳಸದಿದ್ದರೂ ಹೋಗುತ್ತದೆ.

ಅದಕ್ಕೇ ಮೊದಲ ಆರು ತಿಂಗಳು ಪ್ರೀಪೇಯ್ಡ್‌ನಲ್ಲೇ ಇರಿ. ಟೆಲಿಕಾಮ್, ವೊಡಾಫೋನ್, ಓ2 ಎಂಬ ಮೂರು ದೊಡ್ಡ ನೆಟ್‌ವರ್ಕ್‌ಗಳಿವೆ. ಅವುಗಳ ಮೇಲೆಯೇ ನಡೆಯುವ ಅಗ್ಗದ ಸಿಮ್‌ಗಳು ಕಿರಾಣಿ ಸೂಪರ್‌ಮಾರ್ಕೆಟ್ಟಿನಲ್ಲೇ ಸಿಗುತ್ತವೆ. ಆಲ್ಡಿಯ ಸಿಮ್ ಓ2 ಮೇಲೆ, ಲಿಡ್ಲ್‌ನದು ವೊಡಾಫೋನ್ ಮೇಲೆ ನಡೆಯುತ್ತದೆ. ಪ್ಯಾಕೇಜ್ ಹೆಚ್ಚಾಗಿ ನಾಲ್ಕು ವಾರದ್ದು, ಅಂದರೆ ನಮ್ಮ 28 ದಿನದ ಲೆಕ್ಕವೇ: ವರ್ಷಕ್ಕೆ ಹದಿಮೂರು ಸಲ ಕಟ್ಟಬೇಕು. ಸಿಮ್ ಕೊಂಡ ಮಾತ್ರಕ್ಕೆ ಚಾಲೂ ಆಗುವುದಿಲ್ಲ. 2017ರ ಜುಲೈಯಿಂದ ಪ್ರೀಪೇಯ್ಡ್‌ಗೂ ಗುರುತಿನ ಪರೀಕ್ಷೆ ಕಡ್ಡಾಯ. ವೀಡಿಯೋ ಕಾಲ್‌ನಲ್ಲಿ ಪಾಸ್‌ಪೋರ್ಟನ್ನು ಆಚೆ ಈಚೆ ಓರೆ ಮಾಡಿ ತೋರಿಸಲು ಹೇಳುತ್ತಾರೆ. ಬೆಳಕು ಚೆನ್ನಾಗಿರುವ ಕಡೆ ಕುಳಿತುಕೊಳ್ಳಿ. ಅದರಲ್ಲಿ ಆಗದಿದ್ದರೆ ಅವರು ಕೊಡುವ ಕಾಗದ ಹಿಡಿದು ಪೋಸ್ಟ್ ಆಫೀಸಿಗೆ ಹೋದರೂ ಆಗುತ್ತದೆ.

ಕರಾರು ಮಾಡಿಕೊಳ್ಳಲೇಬೇಕು ಎಂದಾಗ ಕಾನೂನು ನಿಮಗೆ ಏನು ಕೊಟ್ಟಿದೆ ಎಂದು ತಿಳಿದಿರಲಿ. ನನ್ನಂಥ ಎಷ್ಟೋ ಜನ ಸಿಕ್ಕಿಬಿದ್ದ ಮೇಲೆ 2021ರ ಡಿಸೆಂಬರ್ 1ರಿಂದ ನಿಯಮ ಬದಲಾಯಿತು. ಮೊದಲ ಅವಧಿ 24 ತಿಂಗಳು ಮೀರುವಂತಿಲ್ಲ. ಅದು ಮುಗಿದ ಮೇಲೆ ಯಾವಾಗ ಬೇಕಾದರೂ ಒಂದು ತಿಂಗಳ ನೋಟಿಸ್ ಕೊಟ್ಟು ಹೊರಬರಬಹುದು. ಕರಾರಿನ ಸಾರಾಂಶವನ್ನು ಮೊದಲೇ ಬರಹದಲ್ಲಿ ಕೊಡಬೇಕು. ಫೋನಿನಲ್ಲಿ ಮಾರಿದ್ದಾದರೆ ಆ ಸಾರಾಂಶ ನಿಮ್ಮ ಕೈಸೇರಿ, ನೀವು ಬರೆದು ಒಪ್ಪುವವರೆಗೂ ಕರಾರು ಊರ್ಜಿತವಲ್ಲ. 2022ರ ಜುಲೈಯಿಂದ, ಆನ್‌ಲೈನಿನಲ್ಲಿ ಕರಾರು ಮಾರುವ ಕಂಪನಿಯ ವೆಬ್‌ಸೈಟಿನಲ್ಲಿ ರದ್ದತಿಯ ಬಟನ್ ಇರಲೇಬೇಕು. ರದ್ದತಿಗೆ ಜರ್ಮನ್ನಿನಲ್ಲಿ 'ಕ್ಯುಂಡಿಗುಂಗ್' ಎನ್ನುತ್ತಾರೆ. ಈ ಒಂದು ಶಬ್ದ ಬಾಯಿಪಾಠ ಮಾಡಿಕೊಳ್ಳಿ. ಬಟನ್ ಒತ್ತಿದ ಮೇಲೆ ಬರುವ ಇಮೇಲನ್ನು ಅಳಿಸಬೇಡಿ.

ಇನ್ನೊಂದು ಶಬ್ದ 'ವಿಡರ್‌ರೂಫ್', ಅಂದರೆ ಮಾತು ಹಿಂದಕ್ಕೆ ತೆಗೆದುಕೊಳ್ಳುವುದು. ಆನ್‌ಲೈನಿನಲ್ಲಿ, ಫೋನಿನಲ್ಲಿ ಅಥವಾ ಮನೆ ಬಾಗಿಲಿಗೆ ಬಂದವರ ಹತ್ತಿರ ಮಾಡಿಕೊಂಡ ಕರಾರನ್ನು 14 ದಿನದೊಳಗೆ ಕಾರಣ ಹೇಳದೆ ಮುರಿಯಬಹುದು. ಅಂಗಡಿಯೊಳಗೆ ಹೋಗಿ ಸಹಿ ಹಾಕಿದ್ದಕ್ಕೆ ಈ ಹಕ್ಕಿಲ್ಲ. ನಮ್ಮ ಮನಸ್ಸು ತದ್ವಿರುದ್ಧ ಹೇಳುತ್ತದೆ: ಅಂಗಡಿಯವನು ಎದುರಿಗಿದ್ದಾನೆ, ನಾಳೆ ಹೋಗಿ ಕೇಳಬಹುದು ಎಂದು. ಕಾಕಾನ ಮಗನನ್ನು ಕೌಂಟರಿನಿಂದ ಓಡಿಸಿದ್ದು ಇದೇ ಕಾರಣಕ್ಕೆ.

ಲೆಕ್ಕವನ್ನೂ ಅವನಿಂದಲೇ ಮಾಡಿಸಿದೆ. ಉದಾಹರಣೆಗೆ, ಫೋನ್ ಸಹಿತ ತಿಂಗಳಿಗೆ 45 ಯೂರೋ ಎಂದುಕೊಳ್ಳಿ. 24 ತಿಂಗಳಿಗೆ 1080, ಶುರುವಿನ ಸಂಪರ್ಕ ಶುಲ್ಕ 40, ಮೇಲೆ ಆ ಒಂದು ಯೂರೋ, ಒಟ್ಟು 1121. ಅದೇ ಫೋನ್ ಹೊರಗೆ 600ಕ್ಕೆ ಸಿಕ್ಕು, ಬರೀ ಸಿಮ್‌ಗೆ ತಿಂಗಳಿಗೆ 12 ಕಟ್ಟಿದರೆ ಎರಡು ವರ್ಷಕ್ಕೆ 888. ನಡುವಿನ 233 ಯೂರೋ ವಿದ್ಯಾರ್ಥಿಯೊಬ್ಬನ ತಿಂಗಳ ಊಟದ ಖರ್ಚು. ಕೆಲವೊಮ್ಮೆ ಲೆಕ್ಕ ಉಲ್ಟಾ ಬಂದು ಕರಾರೇ ಅಗ್ಗವಾಗುವುದೂ ಉಂಟು. ಅದನ್ನು ಕೌಂಟರಿನ ಮುಂದೆ ಅಲ್ಲ, ರೂಮಿನಲ್ಲಿ ಕೂತು ಕಂಡುಕೊಳ್ಳಬೇಕು.

ಕಂತು ತಪ್ಪಿದರೆ ಏನಾಗುತ್ತದೆ? ಇಲ್ಲಿ ಶೂಫಾ ಎಂಬ ಸಂಸ್ಥೆಯಿದೆ, ಯಾರು ಬಾಕಿ ಸರಿಯಾಗಿ ಕಟ್ಟುತ್ತಾರೆ ಎಂದು ದಾಖಲೆ ಇಡುವ ನಮ್ಮ ಸಿಬಿಲ್ ಇದ್ದಂತೆ. ಮೊಬೈಲ್ ಕರಾರಿಗೂ, 'ಸೊನ್ನೆ ಬಡ್ಡಿ' ಕಂತಿಗೂ ಅವರ ದಾಖಲೆ ನೋಡುತ್ತಾರೆ. ಹೊಸಬರ ದಾಖಲೆ ಖಾಲಿ ಇರುವುದರಿಂದ ಅರ್ಜಿ ತಿರಸ್ಕಾರವಾದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಅದು ನಿಮ್ಮ ಮೇಲಿನ ತೀರ್ಪಲ್ಲ. ಖಾತೆಯಿಂದ ತಾನಾಗಿ ಹೋದ ಹಣವನ್ನು ಎಂಟು ವಾರದೊಳಗೆ ಬ್ಯಾಂಕಿಗೆ ಹೇಳಿ ವಾಪಸ್ ತರಿಸಬಹುದು. ನೀವು ಒಪ್ಪಿಗೆಯನ್ನೇ ಕೊಟ್ಟಿರದಿದ್ದರೆ ಹದಿಮೂರು ತಿಂಗಳವರೆಗೂ ಅವಕಾಶವಿದೆ. ಆದರೆ ನಿಜವಾದ ಬಾಕಿಯನ್ನು ಹೀಗೆ ತಡೆದರೆ ಮೊದಲು ನೆನಪೋಲೆ, ಆಮೇಲೆ ವಸೂಲಿ ಕಂಪನಿ, ಕೊನೆಗೆ ಶೂಫಾದಲ್ಲಿ ಕಲೆ. ಆ ಕಲೆ ಬಾಡಿಗೆ ಮನೆ ಹುಡುಕುವಾಗ ಎದುರಾಗುತ್ತದೆ. ಜಗಳವಿದ್ದರೆ ಬರೆದು ತಿಳಿಸಿ. ಪ್ರತಿ ರಾಜ್ಯದಲ್ಲೂ ಗ್ರಾಹಕ ಸಲಹಾ ಕೇಂದ್ರಗಳಿವೆ, ಕಡಿಮೆ ಶುಲ್ಕದಲ್ಲಿ ಕಾಗದ ಓದಿ ಹೇಳುತ್ತಾರೆ.

ಕಾಗದದ ವಿಷಯ ಬಂದಾಗಲೆಲ್ಲ ನನಗೆ ಅಪ್ಪನ ಟ್ರಂಕು ನೆನಪಾಗುತ್ತದೆ. ನಾವು ಮುಳುಗಡೆಯವರು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆ ಹೋಗಿ ನವನಗರಕ್ಕೆ ಬಂದೆವು. ನೋಟಿಸು, ಪಂಚನಾಮೆ, ಪರಿಹಾರದ ಚೀಟಿ, ನಿವೇಶನದ ಹಕ್ಕುಪತ್ರ ಎಲ್ಲವನ್ನೂ ಅಪ್ಪ ತಾರೀಖಿನ ಪ್ರಕಾರ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದರು. ಇಲ್ಲಿಯ ಅಂಚೆಪೆಟ್ಟಿಗೆಗೆ ಬರುವ ಪತ್ರಗಳನ್ನೂ ಹಾಗೆಯೇ ಇಡಿ. ಒಂದು ಫೈಲು, ಒಂದೊಂದು ಕರಾರಿಗೂ ಒಂದೊಂದು ಹಾಳೆ, ಮೇಲೆ ದಪ್ಪ ಅಕ್ಷರದಲ್ಲಿ ಮುಗಿಯುವ ತಾರೀಖು. ನಾನು ಎರಡು ಹಾಳೆ ಇಟ್ಟಿದ್ದರೆ ಎರಡು ಕರಾರು ಇವೆ ಎಂದು ಮೊದಲ ತಿಂಗಳೇ ಗೊತ್ತಾಗುತ್ತಿತ್ತು.

ಈಗ ಫೋನಿನ ಮಾತು. ಊರಿಂದ ತರುವುದಾದರೆ ಅದರ ವಿವರಪಟ್ಟಿಯಲ್ಲಿ 4ಜಿಯ 'ಬ್ಯಾಂಡ್ 20' ಇದೆಯೇ ನೋಡಿ. ಇಲ್ಲಿಯ ಹಳ್ಳಿಗಾಡಿನಲ್ಲಿ ಸಿಗ್ನಲ್ ಬಹುಪಾಲು ಈ 800 ಮೆಗಾಹರ್ಟ್ಸ್‌ನಲ್ಲಿ ಬರುತ್ತದೆ. ಭಾರತಕ್ಕೆಂದೇ ಮಾಡಿದ ಕೆಲವು ಮಾಡೆಲ್‌ಗಳಲ್ಲಿ ಅದು ಇರುವುದಿಲ್ಲ. 3ಜಿಯನ್ನು 2021ರಲ್ಲೇ ಮುಚ್ಚಿದ್ದಾರೆ, ಅದರ ಆಸರೆಯೂ ಇಲ್ಲ. ಚಾರ್ಜರ್ ಚಿಂತೆ ಬೇಡ, 2024ರ ಡಿಸೆಂಬರ್ 28ರಿಂದ ಯುರೋಪಿನಲ್ಲಿ ಹೊಸ ಫೋನು, ಟ್ಯಾಬ್ಲೆಟ್ಟುಗಳಿಗೆಲ್ಲ ಯುಎಸ್‌ಬಿ-ಸಿ ಕಡ್ಡಾಯ. ಇಲ್ಲಿಯೇ ಕೊಂಡರೆ ಒಂದು ಒಳ್ಳೆಯ ಲಾಭವಿದೆ: ಹೊಸ ವಸ್ತುವಿಗೆ ಎರಡು ವರ್ಷ ಮಾರಿದವನೇ ಕಾನೂನಿನಂತೆ ಹೊಣೆ. ಮೊದಲ ಒಂದು ವರ್ಷ ದೋಷ ಮೊದಲಿನಿಂದ ಇರಲಿಲ್ಲ ಎಂದು ಸಾಬೀತು ಮಾಡಬೇಕಾದದ್ದು ಅವನೇ. "ಕಂಪನಿಗೆ ಬರೀರಿ" ಎಂದು ಅಂಗಡಿಯವನು ಸಾಗಹಾಕಿದರೆ ಒಪ್ಪಬೇಡಿ. 2025ರ ಜೂನ್ 20ರಿಂದ ಮಾರುಕಟ್ಟೆಗೆ ಬಂದ ಫೋನು, ಟ್ಯಾಬ್ಲೆಟ್ಟುಗಳಿಗೆ ಬ್ಯಾಟರಿ ಬಾಳಿಕೆ ತೋರಿಸುವ ಚೀಟಿಯೂ ಇರುತ್ತದೆ.

ಎರಡು ಸಿಮ್‌ನ ಫೋನನ್ನೇ ಇಟ್ಟುಕೊಳ್ಳಿ, ಊರಿನ ನಂಬರನ್ನು ಸಾಯಲು ಬಿಡಬೇಡಿ. ಆಧಾರ್, ಬ್ಯಾಂಕು, ವಾಟ್ಸಾಪ್ ಎಲ್ಲದರ ಓಟಿಪಿ ಅದಕ್ಕೇ ಬರುವುದು. ಹೊರಡುವ ಮುನ್ನ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ, ಇಲ್ಲಿ ಇಳಿದ ಕೂಡಲೇ ಆ ಸಿಮ್‌ನ ಡೇಟಾ ರೋಮಿಂಗ್ ಬಂದ್ ಮಾಡಿ, ಊರಲ್ಲಿರುವ ಯಾರಿಗಾದರೂ ರೀಚಾರ್ಜ್ ತಾರೀಖು ಒಪ್ಪಿಸಿ. 90 ದಿನ ಬಳಕೆಯಿಲ್ಲದೆ, 20 ರೂಪಾಯಿಗಿಂತ ಕಡಿಮೆ ಬ್ಯಾಲೆನ್ಸ್ ಇರುವ ನಂಬರನ್ನು ಕಂಪನಿ ತೆಗೆದುಹಾಕಬಹುದು. ಆಮೇಲೆ ಅದು ಇನ್ನೊಬ್ಬರ ಕೈಗೆ ಹೋದರೆ ನಿಮ್ಮ ಓಟಿಪಿಯೂ ಅವರ ಕೈಗೆ.

ಇಲ್ಲಿಯ ಬ್ಯಾಂಕಿನ ಪಾವತಿ ಒಪ್ಪಿಗೆ ಹೆಚ್ಚಾಗಿ ಎಸ್‌ಎಂಎಸ್‌ನಿಂದಲ್ಲ, ನಿಮ್ಮ ಒಂದೇ ಫೋನಿಗೆ ಕಟ್ಟಿದ ಆ್ಯಪ್‌ನಿಂದ. ಹೊಸ ಫೋನಿಗೆ ಆ್ಯಪ್ ಬದಲಾಯಿಸುವ ಮೊದಲೇ ಹಳೆಯದನ್ನು ಅಳಿಸಿದರೆ ಹೊಸ ಕೋಡ್ ಹಲವು ಬ್ಯಾಂಕುಗಳಲ್ಲಿ ಅಂಚೆಯಲ್ಲಿ ಬರುತ್ತದೆ, ಅದೂ ಜರ್ಮನಿಯ ವಿಳಾಸಕ್ಕೆ. ರಜೆಗೆ ಊರಿಗೆ ಹೋದಾಗ ಹೀಗಾದರೆ ಕೈಕಟ್ಟಿದಂತೆ. ರೋಮಿಂಗ್ ಬಗ್ಗೆ ಒಂದೇ ಮಾತು: ಜರ್ಮನ್ ಸಿಮ್ ಯುರೋಪಿಯನ್ ಒಕ್ಕೂಟದಲ್ಲೆಲ್ಲ ಮನೆಯ ದರದಲ್ಲೇ ನಡೆಯುತ್ತದೆ, ಸ್ವಿಟ್ಜರ್ಲೆಂಡ್ ಅದರೊಳಗಿಲ್ಲ.

ಖಾಸಗಿತನದ ವಿಷಯದಲ್ಲಿ ಇಲ್ಲಿಯವರು ಎಷ್ಟು ಸೂಕ್ಷ್ಮ ಎಂದು ನನಗೆ ತಿಳಿದದ್ದು ಒಂದು ಭಾನುವಾರದ ಕೂಟದಲ್ಲಿ. ಎಲ್ಲರ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದ್ದೆ. ಸೋಮವಾರ ಬೆಳಿಗ್ಗೆ ಸಹೋದ್ಯೋಗಿಯೊಬ್ಬರು ನನ್ನ ಮೇಜಿನ ಹತ್ತಿರ ಬಂದು, ದನಿ ಏರಿಸದೆ, "ಅದರಲ್ಲಿ ನನ್ನ ಮಗಳಿದ್ದಾಳೆ, ದಯವಿಟ್ಟು ತೆಗೆಯಿರಿ" ಅಂದರು. ತೆಗೆದೆ. ಒಬ್ಬರ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹರಡಬಾರದು ಎಂಬ ಕಾನೂನು ಇಲ್ಲಿ 1907ರಿಂದ ಇದೆ. ಹೆಸರು, ಧರ್ಮ, ವಿಳಾಸಗಳ ಪಟ್ಟಿ ಆಳುವವರ ಕೈಗೆ ಸಿಕ್ಕರೆ ಏನಾಗುತ್ತದೆ ಎಂದು ನಾತ್ಸಿ ಕಾಲದಲ್ಲೂ, ಪೂರ್ವ ಜರ್ಮನಿಯ ಗುಪ್ತಪೊಲೀಸರ ಕಾಲದಲ್ಲೂ ಕಂಡ ಜನ ಇವರು. ಜಗತ್ತಿನ ಮೊದಲ ದತ್ತಾಂಶ ರಕ್ಷಣಾ ಕಾನೂನು 1970ರಲ್ಲಿ ಬಂದದ್ದು ಇಲ್ಲಿಯ ಹೆಸ್ಸೆನ್ ರಾಜ್ಯದಲ್ಲಿ. ನಮ್ಮಲ್ಲೂ ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಸುಪ್ರೀಂ ಕೋರ್ಟಿನಿಂದ ಹೇಳಿಸಿದ ಅರ್ಜಿ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರದು. ಇದು ಪರದೇಶದವರ ಗೀಳು ಎಂದು ತಳ್ಳಿಹಾಕುವಂತಿಲ್ಲ.

ನಮ್ಮವರು ಗೊತ್ತಿಲ್ಲದೆ ಮಾಡುವ ಅತಿ ದೊಡ್ಡ ತಪ್ಪು ಕಾಲ್ ರೆಕಾರ್ಡಿಂಗ್. ಊರಲ್ಲಿ ಎಷ್ಟೋ ಫೋನುಗಳಲ್ಲಿ ಅದು ತಾನಾಗಿ ನಡೆಯುತ್ತಿರುತ್ತದೆ. ಜರ್ಮನಿಯಲ್ಲಿ ಎದುರಿನವರ ಒಪ್ಪಿಗೆಯಿಲ್ಲದೆ ಖಾಸಗಿ ಮಾತು ರೆಕಾರ್ಡ್ ಮಾಡುವುದು ದಂಡಸಂಹಿತೆಯ 201ನೇ ಕಲಮಿನಡಿ ಅಪರಾಧ; ದಂಡ ಅಥವಾ ಮೂರು ವರ್ಷದವರೆಗೆ ಸೆರೆ. ವಿಮಾನ ಹತ್ತುವ ಮುಂಚೆಯೇ ಆ ಸೌಲಭ್ಯ ಬಂದ್ ಮಾಡಿ. ಹಾಗೆಯೇ ಟೊರೆಂಟ್‌ನಿಂದ ಸಿನಿಮಾ ಇಳಿಸಿಕೊಳ್ಳಬೇಡಿ. ವಕೀಲರ ಪತ್ರ ಮನೆಗೇ ಬರುತ್ತದೆ, ನೂರಾರು ಯೂರೋ ಕೇಳುತ್ತದೆ. ವೈಫೈ ಯಾರ ಹೆಸರಿನಲ್ಲಿದೆಯೋ ಆ ರೂಮ್‌ಮೇಟ್ ಹೆಸರಿಗೆ.

ಹಕ್ಕಿನ ಕಡೆ ನೋಡಿದರೆ, 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿನ ಕಾನೂನಿನಂತೆ ಯಾವ ಕಂಪನಿಗಾದರೂ "ನನ್ನ ಬಗ್ಗೆ ನಿಮ್ಮಲ್ಲಿ ಏನಿದೆ, ಪ್ರತಿ ಕೊಡಿ" ಎಂದು ಬರೆಯಬಹುದು. ಸಾಮಾನ್ಯವಾಗಿ ಒಂದು ತಿಂಗಳಲ್ಲಿ, ಬಿಟ್ಟಿಯಾಗಿ ಕೊಡಬೇಕು. ಶೂಫಾ ದಾಖಲೆಯ ಪ್ರತಿಯೂ ಹೀಗೆ ಉಚಿತವಾಗಿಯೇ ಸಿಗುತ್ತದೆ. ಕರಾರಿನ ಕೊನೆಯಲ್ಲಿ ಜಾಹೀರಾತಿಗೆ ಒಪ್ಪಿಗೆ ಕೇಳುವ ಚೌಕಗಳಿರುತ್ತವೆ. ಖಾಲಿ ಬಿಟ್ಟರೂ ಸಿಮ್ ಕೊಡುತ್ತಾರೆ. ಇನ್ನು, ಊರಲ್ಲಿ ಆಧಾರ್ ಝೆರಾಕ್ಸ್ ಕೇಳಿದವರಿಗೆಲ್ಲ ಕೊಟ್ಟು ರೂಢಿಯಾದ ನಾವು ಇಲ್ಲಿ ಪಾಸ್‌ಪೋರ್ಟ್ ಪ್ರತಿಯನ್ನೂ ಹಾಗೆಯೇ ಕಳಿಸಿಬಿಡುತ್ತೇವೆ. ಮನೆ ತೋರಿಸುವ ಮೊದಲೇ ಪಾಸ್‌ಪೋರ್ಟ್ ಪ್ರತಿ, ಮುಂಗಡ ಎರಡನ್ನೂ ಕೇಳುವ 'ಮಾಲೀಕ' ಬಹುಮಟ್ಟಿಗೆ ಮೋಸಗಾರ. ಕೊಡಲೇಬೇಕಾದ ಕಡೆ ಪ್ರತಿಯ ಮೇಲೆ ಅಡ್ಡಲಾಗಿ ಯಾರಿಗೆ, ಯಾವುದಕ್ಕೆ, ಯಾವ ತಾರೀಖು ಎಂದು ಬರೆದು ಕೊಡಿ.

ಕೊನೆಯದು ಊರಲ್ಲಿರುವವರ ಫೋನು. ಆ 540 ಯೂರೋದ ಟ್ಯಾಬ್ಲೆಟ್ ಈಗಲೂ ನವನಗರದ ಮನೆಯಲ್ಲಿದೆ. ಅವ್ವ ಅದನ್ನು ರೊಟ್ಟಿ ಬುಟ್ಟಿಗೆ ಆನಿಸಿಟ್ಟು ಮಾತಾಡುತ್ತಾಳೆ, ಪರದೆಯ ಮೂಲೆಯಲ್ಲಿ ಜೋಳದ ಹಿಟ್ಟಿನ ಬೆರಳಚ್ಚು ಕಾಣುತ್ತಿರುತ್ತದೆ. ಅದು ಹಳೆಯದಾಗಿ ಸುರಕ್ಷತಾ ಅಪ್‌ಡೇಟ್ ನಿಂತಿರುವುದರಿಂದ ಬ್ಯಾಂಕಿನ ಆ್ಯಪ್ ಅದರಲ್ಲಿ ಇಟ್ಟಿಲ್ಲ, ಇಡಲೂಬಾರದು. ಪರದೆಯನ್ನು ದೂರದಿಂದ ನೋಡುವ ಆ್ಯಪ್ ಹಾಕಿಕೊಳ್ಳಿ ಎಂದು ಯಾರು ಹೇಳಿದರೂ ಫೋನ್ ಇಟ್ಟುಬಿಡು ಎಂದು ಹೇಳಿಕೊಟ್ಟಿದ್ದೇನೆ. ಮಗ ಪರದೇಶದಲ್ಲಿದ್ದಾನೆ ಎಂದು ಗೊತ್ತಾದರೆ ವಂಚಕರು ಮಗನ ದನಿಯಲ್ಲೇ ಅತ್ತು ದುಡ್ಡು ಕೇಳುವ ಕಾಲ ಇದು. ಅದಕ್ಕೇ ನಮ್ಮಿಬ್ಬರ ನಡುವೆ ಒಂದು ಪ್ರಶ್ನೆ ಇಟ್ಟುಕೊಂಡಿದ್ದೇವೆ. ನೀರಿನಡಿ ಹೋದ ಹಳೇ ಮನೆಯದು. ಯಾವ ಕಾಗದದಲ್ಲೂ, ಯಾವ ಫೋನಿನಲ್ಲೂ ಅದರ ಉತ್ತರ ಇಲ್ಲ. ಹೋದ ತಿಂಗಳು ನಾನು ಬೇರೆ ನಂಬರಿನಿಂದ ಫೋನ್ ಮಾಡಿದಾಗ, "ಅವ್ವಾ, ನಾನು" ಅಂದ ಕೂಡಲೇ ಮೊದಲು ಅದನ್ನೇ ಕೇಳಿದಳು.