ಸಿ ಸ್ಟ್ರಿಂಗ್‌ಗಳು: ಪಾಯಿಂಟರ್ ಜೊತೆ ಅಳತೆಯನ್ನೂ ಕಳಿಸಿ

ಸಿ ಭಾಷೆಯಲ್ಲಿ ಪಾಯಿಂಟರ್‌ಗೆ ಗೊತ್ತಿರುವುದು ಮೆಮೊರಿಯ ಒಂದು ವಿಳಾಸ ಮಾತ್ರ. ಅಲ್ಲಿ ಎಷ್ಟು ಜಾಗ ಇದೆ ಅನ್ನುವುದು ಗೊತ್ತಿಲ್ಲ. ಹಾಗಾಗಿ ಬಫರ್‌ಗೆ (ಪಠ್ಯ ಇಡುವ ಮೆಮೊರಿ ಜಾಗಕ್ಕೆ) ಬರೆಯುವ ಯಾವ ಫಂಕ್ಷನ್ ಮಾಡಿದರೂ ಪಾಯಿಂಟರ್ ಪಕ್ಕದಲ್ಲೇ ಸೈಜನ್ನೂ ಕಳಿಸುತ್ತೇನೆ. ಪ್ಯಾರಾಮೀಟರನ್ನು 100ರ ಅರೇ ಎಂದು ಬರೆದಿದ್ದರೂ ಫಂಕ್ಷನ್ ಒಳಗೆ ಸೈಜ್‌ಆಫ್ ಕೊಡುವುದು ಪಾಯಿಂಟರ್‌ನ ಅಳತೆಯನ್ನೇ, 64 ಬಿಟ್ ಸಿಸ್ಟಮ್‌ನಲ್ಲಿ ಸಾಮಾನ್ಯವಾಗಿ 8 ಬೈಟ್.

ಸಿ ಸ್ಟ್ರಿಂಗ್ ಮುಗಿಯಿತು ಎಂದು ತಿಳಿಸುವುದು ಕೊನೆಯಲ್ಲಿರುವ ಸೊನ್ನೆ ಬೈಟ್. ನಕಲು ಮಾಡುವ ಸ್ಟ್ರ್‌ಕಾಪಿ (strcpy) ಮೂಲದಲ್ಲಿ ಆ ಸೊನ್ನೆ ಸಿಗುವ ತನಕ ಬರೆಯುತ್ತಲೇ ಹೋಗುತ್ತದೆ. ಅದರ ಬದಲು, ಗರಿಷ್ಠ ಎಷ್ಟು ಬೈಟ್ ಎಂದು ಹೇಳಬಹುದಾದ ಸ್ಟ್ರ್‌ಎನ್‌ಕಾಪಿ (strncpy) ಸಾಕು ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ‘ಕನ್ನಡ’ ಎಂಬ ಪದ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) 15 ಬೈಟ್: ಐದು ಕೋಡ್ ಪಾಯಿಂಟ್ (ಕ, ನ, ್, ನ, ಡ), ತಲಾ ಮೂರು ಬೈಟ್. ಇದನ್ನು 8 ಬೈಟ್‌ನ ಬಫರ್‌ಗೆ ಸ್ಟ್ರ್‌ಎನ್‌ಕಾಪಿ ಮಾಡಿದರೆ ಎಂಟೂ ಬೈಟ್ ತುಂಬಿ, ಕೊನೆಯ ಸೊನ್ನೆಗೆ ಜಾಗವೇ ಉಳಿಯುವುದಿಲ್ಲ. ಆಮೇಲೆ ಪ್ರಿಂಟ್ ಮಾಡಲು ಹೋದರೆ ಪಕ್ಕದ ಮೆಮೊರಿಯನ್ನೂ ಓದುತ್ತದೆ.

ನಾನು ಬಳಸುವುದು ಬಫರ್ ಸೈಜನ್ನೂ ಕೇಳಿ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ (snprintf). ಫಾರ್ಮ್ಯಾಟ್ ಜಾಗದಲ್ಲಿ ಪರ್ಸೆಂಟ್ ಎಸ್ (%s) ಮಾತ್ರ. ಹೊರಗಿನಿಂದ ಬಂದ ಸ್ಟ್ರಿಂಗನ್ನು ಅಲ್ಲಿ ನೇರವಾಗಿ ಇಡಲೇಬಾರದು. ಅದೇ ಬಫರ್‌ಗೆ ಇದು 7 ಬೈಟ್ ಬರೆದು, ಸೊನ್ನೆ ಹಾಕಿ, ಪೂರ್ತಿ ಪಠ್ಯದ ಉದ್ದವಾದ 15 ಅನ್ನು ಹಿಂದಿರುಗಿಸುತ್ತದೆ. ಹಿಂದಿರುಗಿಸಿದ ಈ ಸಂಖ್ಯೆಯನ್ನು ನೋಡದೆ ಬಿಟ್ಟರೆ ಎಸ್‌ಎನ್‌ಪ್ರಿಂಟ್‌ಎಫ್ ಬಳಸಿದ್ದರ ಅರ್ಧ ಲಾಭ ಹೋದಂತೆ. ನೆಗೆಟಿವ್ ಬಂದರೆ ಎರರ್, ಸೈಜಿನಷ್ಟು ಅಥವಾ ಹೆಚ್ಚು ಬಂದರೆ ಪಠ್ಯ ತುಂಡಾಗಿದೆ.

ಇಲ್ಲಿ ತುಂಡಾದದ್ದು ಒತ್ತಕ್ಷರ ಮಾಡುವ ಹಲಂತ ಚಿಹ್ನೆಯ (್) ಮೂರು ಬೈಟ್‌ಗಳ ಮಧ್ಯೆ. ಮೂಲದ 7ನೇ ಇಂಡೆಕ್ಸ್‌ನ (ಎಣಿಕೆ ಸೊನ್ನೆಯಿಂದ ಶುರು) ಬೈಟನ್ನು 192ರ ಜೊತೆ ಬಿಟ್‌ವೈಸ್ ಆಂಡ್ ಮಾಡಿದಾಗ 128 ಬಂದರೆ ಅದು ಅಕ್ಷರದ ಮುಂದುವರಿದ ಭಾಗ. ಹಾಗೆ ಬರುತ್ತಿರುವಷ್ಟು ಸಲ ಒಂದೊಂದೇ ಬೈಟ್ ಹಿಂದಕ್ಕೆ ಸರಿದು, ನಿಂತಲ್ಲಿ ಸೊನ್ನೆ ಇಡುತ್ತೇನೆ. ಇಲ್ಲಿ ಅದು 6ನೇ ಇಂಡೆಕ್ಸ್.

ಮೆಮೊರಿ ಕೇಳಿ ಪಡೆಯುವ ಮ್ಯಾಲಕ್‌ಗೆ, ಸ್ಟ್ರಿಂಗ್‌ನ ಉದ್ದ ಹೇಳುವ ಸ್ಟ್ರ್‌ಲೆನ್ ಕೊಟ್ಟ ಸಂಖ್ಯೆಗೆ ಕೊನೆಯ ಸೊನ್ನೆಗಾಗಿ ಒಂದು ಸೇರಿಸಿ ಕೊಡಬೇಕು. ಪಡೆದ ಜಾಗದ ಅಳತೆ ಬದಲಿಸುವ ರೀಅಲಕ್‌ನ ಫಲಿತಾಂಶವನ್ನು ಹಳೆಯ ಪಾಯಿಂಟರ್‌ಗೇ ಹಾಕಿದರೆ, ಜಾಗ ಸಿಗದಾಗ ನಲ್ (ಎಲ್ಲಿಗೂ ತೋರಿಸದ ಪಾಯಿಂಟರ್) ಬಂದು ಹಳೆಯ ವಿಳಾಸ ಕಳೆದುಹೋಗುತ್ತದೆ; ಮೊದಲು ಬೇರೆ ವೇರಿಯಬಲ್‌ಗೆ ತೆಗೆದುಕೊಳ್ಳಿ. ಫ್ರೀ ಮಾಡಿದ (ಮೆಮೊರಿ ಮರಳಿಸಿದ) ಪಾಯಿಂಟರ್‌ಗೆ ನಲ್ ಹಾಕುವುದು ಒಳ್ಳೆಯದೇ, ಆದರೆ ಅದೇ ಜಾಗಕ್ಕೆ ಇನ್ನೊಂದು ಪಾಯಿಂಟರ್ ಇದ್ದರೆ ಅದು ಹಾಗೇ ಉಳಿಯುತ್ತದೆ. ಫ್ರೀ ಮಾಡುವ ಹೊಣೆ ಯಾರದು ಎಂದು ಹೆಡರ್ ಫೈಲ್‌ನಲ್ಲೇ ಕಾಮೆಂಟ್ ಬರೆದಿಡುತ್ತೇನೆ.

ಟೆಸ್ಟ್ ಬಿಲ್ಡ್‌ನಲ್ಲಿ ಮೆಮೊರಿ ತಪ್ಪುಗಳನ್ನು ಹಿಡಿಯುವ ಅಡ್ರೆಸ್ ಸ್ಯಾನಿಟೈಜರ್ ಸದಾ ಆನ್ ಇರುತ್ತದೆ. ಬಫರ್ ಸೈಜ್‌ಗಿಂತ ಒಂದು ಕಡಿಮೆ, ಸರಿಯಾಗಿ ಅಷ್ಟೇ, ಒಂದು ಹೆಚ್ಚು, ಜೊತೆಗೆ ಖಾಲಿ ಸ್ಟ್ರಿಂಗ್: ಈ ನಾಲ್ಕು ಉದ್ದಗಳನ್ನು ಪ್ರತಿ ಫಂಕ್ಷನ್‌ಗೂ ಕೊಟ್ಟು ನೋಡುತ್ತೇನೆ.