ಬಾರ್ಬರಾ ಲೀ ಕುರಿತು ಭಿತ್ತಿಪತ್ರ ಮಾಡುವುದು ಹೇಗೆ

ಹಾಸನದ ಕಾಲೇಜುಗಳ ಭಿತ್ತಿಪತ್ರಿಕೆಗೆ ಅಮೆರಿಕದ ಪ್ರಗತಿಪರ ಮಾಜಿ ಸಂಸದೆ ಬಾರ್ಬರಾ ಲೀ ಒಳ್ಳೆಯ ವಿಷಯ. ಒಂದು ಡ್ರಾಯಿಂಗ್ ಶೀಟ್ ಸಾಕು. ಎಡಗಡೆ ಕಿರಿದಾದ ಪಟ್ಟಿಯಲ್ಲಿ ಬದುಕಿನ ಸಾಲು ಬರೆಯಿರಿ: 1946ರಲ್ಲಿ ಟೆಕ್ಸಾಸ್‌ನ ಎಲ್ ಪಾಸೊದಲ್ಲಿ ಜನನ, 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಶಾಸಕಿ, 1998ರ ಉಪಚುನಾವಣೆಯಿಂದ 2025ರ ಜನವರಿವರೆಗೆ ಸಂಸದೆ, ಅದೇ ವರ್ಷ ಓಕ್ಲೆಂಡ್ ಮೇಯರ್.

ಎಡವುವುದು ಕ್ಷೇತ್ರದ ಸಂಖ್ಯೆಯಲ್ಲಿ. ದಾಖಲೆಯಲ್ಲಿ 9, ಆಮೇಲೆ 13, ಆಮೇಲೆ 12 ಎಂದಿರುತ್ತದೆ. ಅವರು ಊರು ಬಿಟ್ಟಿದ್ದಲ್ಲ, ಕ್ಷೇತ್ರ ಮರುವಿಂಗಡಣೆಯಾದದ್ದು. ಅವಧಿಯೂ 2 ವರ್ಷ, ನಮ್ಮ ಹಾಸನ ಲೋಕಸಭಾ ಕ್ಷೇತ್ರದಂತೆ 5 ಅಲ್ಲ.

ಉಳಿದ ಮುಕ್ಕಾಲು ಹಾಳೆಯನ್ನು 2001ರ ಸೆಪ್ಟೆಂಬರ್ 14ಕ್ಕೇ ಕೊಡಿ, ಅದು ಅದಕ್ಕೆ ಯೋಗ್ಯವಾದ ದಿನ. ಸೆಪ್ಟೆಂಬರ್ 11ರ ಉಗ್ರರ ದಾಳಿಯ ಬೆನ್ನಲ್ಲೇ ಅಧ್ಯಕ್ಷರಿಗೆ ಸೇನಾಬಲ ಬಳಸುವ ಅಧಿಕಾರ ಕೊಡುವ ನಿರ್ಣಯಕ್ಕೆ 420 ಪರ, 1 ವಿರೋಧ. ಆ ಒಂದು ಮತ ಲೀ ಅವರದು. ಹಿಂದಿನ ಬೆಂಚಿಗೂ ಕಾಣುವಂತೆ ಈ ಅಂಕಿಗಳನ್ನು ದಪ್ಪ ಮಾರ್ಕರ್‌ನಲ್ಲಿ ಬರೆಯಿರಿ. ಪರಿಶೀಲಿಸಲು ಅಲ್ಲಿನ ಕೆಳಮನೆಯಾದ ಪ್ರತಿನಿಧಿ ಸಭೆಯ ಕ್ಲರ್ಕ್ ಜಾಲತಾಣದಲ್ಲಿ 2001ರ ಮತ ಸಂಖ್ಯೆ 342 ತೆರೆಯಿರಿ. ಕಾನೂನಾದದ್ದು ಮೇಲ್ಮನೆ ಸೆನೆಟ್‌ನ ನಿರ್ಣಯ. ಅದರಡಿ ಹುಡುಕಿದರೆ ಈ ಮತಪಟ್ಟಿ ಸಿಗದು. ಮತ ಬಿದ್ದದ್ದು ಪ್ರತಿನಿಧಿ ಸಭೆಯದೇ 64ನೇ ಜಂಟಿ ನಿರ್ಣಯಕ್ಕೆ.

‘ವಿಪ್ ಉಲ್ಲಂಘನೆ’ ಎಂದು ಮಾತ್ರ ಬರೆಯಬೇಡಿ. ನಮ್ಮ ಪಕ್ಷಾಂತರ ನಿಷೇಧ ಕಾಯ್ದೆಯಂಥದ್ದು ಅಲ್ಲಿಲ್ಲ. ಪಕ್ಷದ ವಿರುದ್ಧ ಮತ ಹಾಕಿದರೂ ಸದಸ್ಯತ್ವ ಹೋಗುವುದಿಲ್ಲ.